ಪಂಪಾಪತಿ ಸರ್‌ಗೆ ಕಲಿಸಿದ ಉತ್ತರ

ಹೋದ ವಾರ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಊರು ಇನ್ನೂ ಮುಂದಿರುವಾಗಲೇ ಭತ್ತ ಬೇಯಿಸುವ ವಾಸನೆ ಒಳಗೆ ಬಂತು. ಹಬೆ, ಸುಟ್ಟ ಹೊಟ್ಟು, ಒದ್ದೆ ಗೋಣಿಚೀಲ ಎಲ್ಲ ಕಲೆತ ವಾಸನೆ. ಪಕ್ಕದಲ್ಲಿದ್ದ ಹುಡುಗಿ ಮೂಗಿಗೆ ವೇಲ್ ಹಿಡಿದಳು. ನನಗೆ ಮಾತ್ರ ಹಸಿವಾದಂತಾಯಿತು. ವರ್ಷಗಟ್ಟಲೆ ಆ ವಾಸನೆಯಲ್ಲೇ ಊಟದ ಡಬ್ಬಿ ಬಿಚ್ಚಿದವಳು ನಾನು. ಅಷ್ಟೂ ವರ್ಷಗಳಲ್ಲಿ ಒಂದು ಸುಗ್ಗಿ ಮಾತ್ರ, ಯಾರು ಎಲ್ಲಿ ಕೂತಿದ್ದರು, ಯಾರು ಏನಂದರು ಎಂಬುದರ ಸಮೇತ ಮನಸ್ಸಿನಲ್ಲಿ ಉಳಿದಿದೆ. ಅದು ನಮ್ಮ ಮಿಲ್ಲು ಕೈ ಬದಲಾದ ಸುಗ್ಗಿ.

ನಮ್ಮೂರು ಕುರುಗೋಡು. ಬಳ್ಳಾರಿಯಲ್ಲಿ ಬಿ.ಕಾಂ. ಮುಗಿಸಿ ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ನೋಡುವ ಕೆಲಸಕ್ಕೆ ಸೇರಿದ್ದೆ. ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು, ಸಂಜೆ ಬರುವುದು. ನನ್ನನ್ನು ಸೇರಿಸಿಕೊಂಡವರು ಮ್ಯಾನೇಜರ್ ಪಂಪಾಪತಿ ಸರ್. ಆಗಲೇ ಐವತ್ತು ದಾಟಿದ್ದರು. ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ, ನಿಧಾನದ ಮಾತು. ಮೀಸೆ ಚಿಗುರುವ ವಯಸ್ಸಿನಲ್ಲಿ ಅದೇ ಮಿಲ್ಲಿಗೆ ಬಂದು ಅಲ್ಲೇ ಮ್ಯಾನೇಜರ್ ಆದವರು. ನಾನು ಕೆಲಸ ಕೇಳಿಕೊಂಡು ಹೋದ ದಿನ ಅವರು ಕೇಳಿದ್ದು ಎರಡೇ ಮಾತು. “ಬಸ್ಸು ಟೈಮಿಗೆ ಬರತೈತೇನಮ್ಮ?” “ನಾಷ್ಟಾ ಮಾಡಿಯೇನು?” ಎರಡಕ್ಕೂ ಹೌದು ಅಂದೆ. ಮರುದಿನದಿಂದ ಬಾ ಅಂದರು. ಈಗ ಅವರು ಕೆಲಸ ಬಿಟ್ಟು ಮನೆಯಲ್ಲಿ ಆರಾಮ ಇದ್ದಾರೆ. ನಾನು ಬಳ್ಳಾರಿಯ ದೊಡ್ಡ ಕಚೇರಿಯಲ್ಲಿದ್ದೇನೆ.

ಆ ವರ್ಷ ಕಾರ್ತಿಕದಲ್ಲಿ, ಭತ್ತದ ಗಾಡಿಗಳು ಗೇಟಿನ ಮುಂದೆ ಸಾಲುಗಟ್ಟುವ ಹೊತ್ತಿನಲ್ಲಿ, ಮಾಲೀಕರು ನಮ್ಮನ್ನೆಲ್ಲ ಆಫೀಸಿನ ಮುಂದೆ ಕರೆದರು. ಅವರನ್ನು ನಾವೆಲ್ಲ ಸಾವ್ಕಾರ್ರು ಅನ್ನುತ್ತಿದ್ದೆವು. ವಯಸ್ಸಾಗಿತ್ತು, ಮಕ್ಕಳಿಗೆ ಈ ದಂಧೆ ಬೇಕಿರಲಿಲ್ಲ.

“ಮಿಲ್ಲು ಒಂದು ಕಂಪನಿಗೆ ಕೊಟ್ಟೀನಿ,” ಅಂದರು. “ಹೈದರಾಬಾದಿನೋರು. ಸಂಕ್ರಾಂತಿ ಒಳಗ ಅವರ ದೊಡ್ಡ ಸಾಹೇಬ್ರು ಬಳ್ಳಾರಿಗೆ ಬಂದು ನಿಮ್ಮನ್ನ ಒಬ್ಬೊಬ್ಬರನ್ನ ಕರದು ಮಾತಾಡಸ್ತಾರ. ಯಾರನ್ನ ಇಟ್ಕೋಬೇಕು ಅಂತ ಅವರ ನೋಡ್ತಾರ. ನನ್ನ ಕೈಯಾಗ ಏನೂ ಉಳಿದಿಲ್ಲ.”

ತೂಕದ ಕಟ್ಟೆಯ ಹುಸೇನಣ್ಣ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು. “ಏನು ಮಾತಾಡಸ್ತಾರವಾ?”

ನನಗೆ ಗೊತ್ತಿತ್ತು. ಕಾಲೇಜಿನ ಕೊನೆಯ ವರ್ಷ ನಮಗೆ ಇಂಟರ್‌ವ್ಯೂ ತಯಾರಿಯ ಕ್ಲಾಸು ನಡೆಸಿದ್ದರು. ಅದರಿಂದ ನನಗೆ ಕೆಲಸ ಸಿಕ್ಕಿರಲಿಲ್ಲ, ಆದರೆ ಪ್ರಶ್ನೆಗಳು ಬಾಯಿಪಾಠವಾಗಿದ್ದವು. ದೊಡ್ಡ ಹುದ್ದೆಯವರು ಎಲ್ಲಿಂದ ಬಂದರೂ ಕೇಳುವುದು ಹೆಚ್ಚುಕಡಿಮೆ ಅವೇ. ನಿಮ್ಮ ಬಗ್ಗೆ ಹೇಳಿ. ನಿಮ್ಮ ದೌರ್ಬಲ್ಯ ಏನು. ಯಾವಾಗ ಸೋತಿದ್ದೀರಿ. ಐದು ವರ್ಷದ ಮೇಲೆ ಎಲ್ಲಿರುತ್ತೀರಿ. ಸಾವ್ಕಾರ್ರು ನನ್ನ ಕಡೆ ನೋಡಿ, “ಗಿರಿಜಾ ಓದಿದಾಕಿ, ಆಕೀನ ಕೇಳ್ರಿ,” ಅಂದರು. ಹಾಗೆ ನಾನು ಮೇಷ್ಟ್ರಾದೆ.

ಮಧ್ಯಾಹ್ನದ ಊಟವಾದ ಮೇಲೆ ತೂಕದ ಕಟ್ಟೆಯ ಹಿಂದಿನ ಬೇವಿನ ಮರದ ಕೆಳಗೆ ನಮ್ಮ ಪಾಠ. ಆ ಚಳಿಗಾಲದ ಬಿಸಿಲು ಹಿತವಾಗಿರುತ್ತಿತ್ತು. ಗಾಳಿ ಬೀಸಿದರೆ ಹೊಟ್ಟಿನ ಧೂಳು ಕೂದಲ ಮೇಲೆ ಕೂರುತ್ತಿತ್ತು. ನಾನು ಒಟ್ಟಿದ ಗೋಣಿಚೀಲಗಳ ಥಪ್ಪಿಯ ಮೇಲೆ ಕೂತು ದೊಡ್ಡ ಸಾಹೇಬರ ಹಾಗೆ ಕೇಳುವುದು, ಎದುರಿಗೆ ಒಬ್ಬೊಬ್ಬರು ನಿಂತು ಉತ್ತರ ಹೇಳುವುದು.

ಮೊದಲ ದಿನ ಹುಸೇನಣ್ಣನಿಗೆ ಕೇಳಿದೆ. “ನಿಮ್ಮ ದೌರ್ಬಲ್ಯ ಏನು?”

“ಸಕ್ರಿ ಕಾಯಿಲಿ ಐತಿ. ಹೇಳಿದ್ರ ಕೆಲಸ ಕೊಡ್ತಾರೇನು?”

“ಅದಲ್ಲಣ್ಣ. ಸ್ವಭಾವದಾಗಿನ ಕೊರತಿ. ಕೆಲಸ ಮುಗಿಯೋತನಕ ಮನಿಗೆ ಹೋಗಾಕ ಮನಸ್ಸು ಬರೋದಿಲ್ಲ, ಅದ ನನ್ನ ದೌರ್ಬಲ್ಯ ಅನ್ರಿ.”

ಹುಸೇನಣ್ಣ ಬಹಳ ಹೊತ್ತು ಯೋಚಿಸಿದರು. “ಅದು ಕೊರತಿ ಹೆಂಗ ಆತು?”

“ಆಗೋದಿಲ್ಲ. ಅದಕ್ಕ ಅದನ್ನ ಹೇಳೋದು.”

ಎಲ್ಲರೂ ನಕ್ಕರು. ಪಂಪಾಪತಿ ಸರ್ ನಗಲಿಲ್ಲ. ಅವರು ಎಲ್ಲರಿಗಿಂತ ಹಿಂದೆ, ಕೈಕಟ್ಟಿ ನಿಂತಿದ್ದರು. ತಮ್ಮ ಕೈಯಲ್ಲಿ ಕೆಲಸ ಕಲಿತ ಹುಡುಗಿಯ ಮುಂದೆ ಬಂದು ನಿಲ್ಲಲು ಅವರಿಗೆ ಒಂದು ವಾರ ಹಿಡಿಯಿತು. ಬಂದ ಮೇಲೆ ಮಾತ್ರ ಯಾರಿಗಿಂತಲೂ ಶ್ರದ್ಧೆಯಿಂದ ಕಲಿತರು. ನಾನು ಹೇಳಿದ ವಾಕ್ಯವನ್ನು ತುಟಿಯಲ್ಲೇ ಎರಡು ಸಲ ಹೇಳಿಕೊಂಡು ಆಮೇಲೆ ಜೋರಾಗಿ ಹೇಳುತ್ತಿದ್ದರು.

ಅವರು ತಡವರಿಸಿದ್ದು ಒಂದೇ ಪ್ರಶ್ನೆಗೆ. “ನೀವು ಸೋತ ಒಂದು ಸಂದರ್ಭ ಹೇಳಿ” ಅಂದಾಗ ಉತ್ತರ ಕೊಡದೆ ಗೇಟಿನ ಕಡೆ ಹೋಗಿಬಿಟ್ಟರು. ಮರುದಿನ ಎಲ್ಲರೂ ಕೆಲಸಕ್ಕೆ ಎದ್ದು ಹೋದ ಮೇಲೆ ನನ್ನ ಹತ್ತಿರ ಬಂದು ಕೂತರು.

“ಕರೂರಿನ ಹುಲಿಗೆಮ್ಮ ಅಂತ ಒಬ್ಬಾಕಿ ಇಲ್ಲಿ ಕಸಾ ಹೊಡಿಯಾಕ ಬರ್ತಿದ್ಲು,” ಅಂದರು. “ನೀ ಬರೋಕಿಂತ ಮೊದಲು. ಸೆರಗಿನಾಗ ಅಕ್ಕಿ ಕಟ್ಕೊಂಡು ಹೋಗ್ತಾಳ ಅಂತ ಯಾರೋ ಹೇಳಿದ್ರು. ನಾನು ಕೇಳಲಿಲ್ಲ, ನೋಡಲಿಲ್ಲ. ಎಲ್ಲರ ಮುಂದ ನಾಳಿಂದ ಬರಬ್ಯಾಡ ಅಂದೆ. ಆಕಿ ಕಸಬರಿಗಿ ಮೂಲ್ಯಾಗ ಇಟ್ಟು ಹೋದಳು. ಆಮ್ಯಾಲ ಗೊತ್ತಾತು, ಹೇಳಿದವನೇ ಕದ್ದಿದ್ದ. ಕರೂರಿಗೆ ಹೋದೆ, ವಾಪಸ್ ಕರಿಯಾಕ. ಕಟ್ಟಿ ಮ್ಯಾಲ ಕುಂದರಿಸಿದಳು, ಮಜ್ಜಿಗಿ ಕೊಟ್ಟಳು. ಬರೋದಿಲ್ರಿ ಅಂದಳು. ಸಿಟ್ಟಿನಿಂದ ಅಲ್ಲ. ಬಸ್ಸಿನ ಟೈಮ್ ಹೇಳಿದಂಗ ಹೇಳಿದಳು.”

ನಾನು ಸುಮ್ಮನಿರಬೇಕಿತ್ತೇನೋ. ಆದರೆ ಆಗ ನನ್ನ ತಲೆಯ ತುಂಬ ಇಂಟರ್‌ವ್ಯೂ ಇತ್ತು. “ಸರ್, ಇದು ಭಾಳ ಛಲೋ ಉತ್ತರ,” ಅಂದೆ. “ಕೊನಿಗೆ ಒಂದ ಮಾತು ಸೇರಸ್ರಿ. ಅವತ್ತಿನಿಂದ ವಿಚಾರ ಮಾಡದ ಯಾರ ಮ್ಯಾಲೂ ತಪ್ಪು ಹೊರಸೋದಿಲ್ಲ, ಅದ ನಾನು ಕಲಿತ ಪಾಠ ಅಂತ. ದೊಡ್ಡ ಸಾಹೇಬ್ರಿಗೆ ಇಂಥದ್ದು ಹಿಡಸ್ತೈತಿ.”

ಅವರು ನನ್ನನ್ನು ನೋಡಿದರು. “ಅದು ಉತ್ತರ ಅಲ್ಲ ಗಿರಿಜಾ,” ಅಂದರು. “ಅದು ಆಗಿದ್ದು.”

ಮತ್ತೆ ಆ ಮಾತು ಎತ್ತಲಿಲ್ಲ. ಮಳೆಯಿಂದ ಒಂದು ಲೋಡು ತಡವಾಗಿ ಹೋದ ಕಥೆಯನ್ನು ಅವರಿಗಾಗಿ ಹೊಂದಿಸಿಕೊಟ್ಟೆ. ಅದನ್ನು ಕಲಿತರು. ಇನ್ನೊಂದು ಪ್ರಶ್ನೆಯನ್ನೂ ನಾನೇ ಸೇರಿಸಿದೆ. ಹೊಸ ಕಂಪನಿ ಎಂದ ಮೇಲೆ ಮೇಲಿನವರು ಚಿಕ್ಕ ವಯಸ್ಸಿನವರೇ ಬರುತ್ತಾರೆ, ಅದನ್ನು ಕೇಳಿಯೇ ಕೇಳುತ್ತಾರೆ ಅನ್ನಿಸಿತ್ತು. “ನಿಮಗಿಂತ ಚಿಕ್ಕವರ ಕೈಕೆಳಗೆ ಕೆಲಸ ಮಾಡುತ್ತೀರಾ?”

“ಏನಂತ ಹೇಳಬೇಕು?”

“ಕುರ್ಚಿಗೆ ವಯಸ್ಸಿಲ್ರಿ. ಆ ಕುರ್ಚಿ ಮ್ಯಾಲ ಯಾರ ಕುಂತ್ರೂ ಅವರ ಮಾತು ಕೇಳೋದು ನನ್ನ ಕೆಲಸ. ಹಂಗನ್ರಿ.”

ಅವರು ತುಟಿಯಲ್ಲಿ ಹೇಳಿಕೊಂಡರು. ಆಮೇಲೆ ಜೋರಾಗಿ ಹೇಳಿದರು. ಹಿಂದೆಮುಂದೆ ನೋಡದೆ, ಕಣ್ಣಲ್ಲಿ ಕಣ್ಣಿಟ್ಟು, ನನಗೇ ನಂಬಿಕೆ ಬರುವ ಹಾಗೆ ಹೇಳಿದರು. ನಾನು ಚಪ್ಪಾಳೆ ತಟ್ಟಿದೆ.

ಇಂಟರ್‌ವ್ಯೂ ಬಳ್ಳಾರಿಯ ಒಂದು ಹೋಟೆಲಿನಲ್ಲಿ ನಡೆಯಿತು. ಬೆಳಗಿನ ಮಂಜಿನಲ್ಲಿ ಎಲ್ಲರೂ ಒಂದೇ ಬಸ್ಸಿನಲ್ಲಿ ಹೋದೆವು. ಬಸ್‌ಸ್ಟ್ಯಾಂಡಿನ ಹೊರಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿಂದೆವು, ಹುಸೇನಣ್ಣ ಮಿರ್ಚಿ ಮುಟ್ಟಲಿಲ್ಲ, ಬಾಯಿ ಉರಿದರೆ ಉತ್ತರ ಮರೆಯುತ್ತದೆ ಅಂದರು. ಹೋಟೆಲಿನ ಕಿಟಕಿಯಿಂದ ಕೋಟೆ ಗುಡ್ಡ ಕಾಣುತ್ತಿತ್ತು. ಒಬ್ಬರು ಒಳಗೆ ಹೋದಾಗ ಉಳಿದವರು ಆ ಗುಡ್ಡವನ್ನೇ ನೋಡುತ್ತ ಕೂರುತ್ತಿದ್ದೆವು.

ಒಳಗೆ ಇಬ್ಬರಿದ್ದರು. ಒಬ್ಬರು ಇಂಗ್ಲಿಷಿನಲ್ಲಿ ಮಾತಾಡುವ ಗಂಡಸು, ಇನ್ನೊಬ್ಬರು ಕಂಪನಿಯ ಉಪಾಧ್ಯಕ್ಷೆ. ನರೆಗೂದಲು, ಕೈಮಗ್ಗದ ಸೀರೆ. ತೆಲುಗು ಬೆರೆತ ಕನ್ನಡದಲ್ಲಿ ನಿಧಾನವಾಗಿ ಕೇಳುತ್ತಿದ್ದರು. ನಾನು ಹೇಳಿಕೊಟ್ಟ ಪ್ರಶ್ನೆಗಳೇ ಬಂದವು. ನನಗೆ ಮಾತ್ರ ಒಂದು ಹೊಸದು ಕೇಳಿದರು. “ವಯಸ್ಸಿನಲ್ಲಿ ನಿಮಗಿಂತ ದೊಡ್ಡವರು ನಿಮ್ಮ ಕೈಕೆಳಗಿದ್ದರೆ ಹೇಗೆ ಕೆಲಸ ಮಾಡಿಸ್ತೀರಿ?”

“ಗೌರವ ಕೊಟ್ಟು ಮಾಡಿಸ್ತೀನಿ,” ಅಂದೆ. ಹೊರಗೆ ಬಂದ ಮೇಲೂ ಆ ಪ್ರಶ್ನೆ ಯಾಕೆ ಬಂತು ಎಂದು ನನಗೆ ಹೊಳೆಯಲಿಲ್ಲ. ಕಾಲೇಜಿನ ಕ್ಲಾಸಿನಲ್ಲಿ ಬಿಟ್ಟುಹೋದ ಪ್ರಶ್ನೆ ಇರಬೇಕು ಅಂದುಕೊಂಡೆ.

ಸಂಕ್ರಾಂತಿಯ ಮರುದಿನ ಸಾವ್ಕಾರ್ರು ಮತ್ತೆ ಎಲ್ಲರನ್ನೂ ಕರೆದು ಕಂಪನಿಯ ತೀರ್ಮಾನ ಹೇಳಿದರು. ಬಾಯ್ಲರಿನ ಕಡೆಯ ಇಬ್ಬರಿಗೆ ಕೆಲಸ ಇಲ್ಲ. ಹುಸೇನಣ್ಣ ಇದ್ದಲ್ಲೇ ಇರುತ್ತಾರೆ. ಪಂಪಾಪತಿ ಸರ್ ಖರೀದಿಯ ಉಸ್ತುವಾರಿ. ಮ್ಯಾನೇಜರ್ ಗಿರಿಜಾ.

ನಾನು ತಪ್ಪು ಕೇಳಿಸಿಕೊಂಡೆ ಅಂದುಕೊಂಡೆ. ಸಾವ್ಕಾರ್ರು ನೆಲ ನೋಡುತ್ತ ಮುಂದುವರಿಸಿದರು. “ಮೇಡಮ್ಮೋರು ನನಗ ಫೋನ್ ಮಾಡಿದ್ರು, ಆ ಕುರ್ಚಿಗೆ ಓದಿದೋರ ಬೇಕು ಅಂದ್ರು. ಪಂಪಾಪತಿಯವರನ್ನ ಕೇಳೇವಿ, ಚಿಕ್ಕೋರ ಕೈಕೆಳಗ ಇರಾಕ ಅವರದೇನೂ ತಕರಾರಿಲ್ಲ, ಬಾಯಿತುಂಬ ಹೇಳ್ಯಾರ ಅಂದ್ರು.”

ಪಂಪಾಪತಿ ಸರ್ ತಲೆ ಆಡಿಸಿದರು. ಒಳಗೆ ಹೋಗಿ ತಮ್ಮ ಕುರ್ಚಿಯ ಮೇಲಿನ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು ಬಂದರು. “ಕುಂದರ್ರಿ ಮೇಡಂ,” ಅಂದರು. ಆ ಮೊದಲು ಅವರು ನನ್ನನ್ನು ‘ನೀ’ ಅನ್ನುವುದು ಬಿಟ್ಟು ಬೇರೆ ರೀತಿ ಮಾತಾಡಿಸಿರಲಿಲ್ಲ.

ಕೆಲಸ ಹೋದ ಇಬ್ಬರಲ್ಲಿ ಒಬ್ಬ ಗೇಟು ದಾಟುವಾಗ ನನಗೆ ಕೇಳುವಂತೆ ಹೇಳಿಹೋದ. “ಉತ್ತರ ಕಲಿಸಿದಾಕೀನ ಕುರ್ಚಿ ಹೊಡಕೊಂಡಳು.” ಆ ಮಾತು ಬಜಾರಿನಲ್ಲಿ ಹಬ್ಬಿತು. ನಾನು ಬೇಕಂತಲೇ ಆ ಉತ್ತರ ಸರ್ ಅವರ ಬಾಯಿಗೆ ಹಾಕಿದೆ ಎಂದು ಚಹಾದಂಗಡಿಯಲ್ಲಿ ಆಡಿಕೊಂಡರು. ಕುರುಗೋಡಿನಲ್ಲಿ ನಮ್ಮವ್ವನಿಗೂ ಮುಟ್ಟಿತು. “ಖರೇನವಾ?” ಅಂತ ಅವ್ವ ಒಂದೇ ಸಲ ಕೇಳಿದಳು. ಇಲ್ಲ ಅಂದೆ. ಅವ್ವ ನಂಬಿದಳು. ಪಂಪಾಪತಿ ಸರ್ ನಂಬುತ್ತಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ.

ಕುರ್ಚಿಯ ತುದಿಯಲ್ಲಿ ಕೂತು ಕೆಲಸ ಮಾಡಿದೆ. ಸರ್‌ಗೆ ‘ಇದನ್ನು ಮಾಡಿ’ ಎಂದು ಹೇಳಲು ನಾಲಿಗೆ ಏಳುತ್ತಿರಲಿಲ್ಲ. “ಹೆಂಗ ಮಾಡೋಣ್ರಿ ಸರ್?” “ನಿಮಗ ಹೆಂಗ ಅನಸ್ತೈತಿ?” ಎಲ್ಲವನ್ನೂ ಪ್ರಶ್ನೆಯಾಗಿಯೇ ಕೇಳುತ್ತಿದ್ದೆ. ಅವರು “ನೀವ ನೋಡ್ರಿ ಮೇಡಂ,” ಅನ್ನುತ್ತಿದ್ದರು. ಇಬ್ಬರ ನಡುವೆ ಕೆಲಸ ನಿಂತಲ್ಲೇ ನಿಲ್ಲುತ್ತಿತ್ತು.

ಕಾಲುವೆಯ ಕೊನೆಯ ಹೊಲಗಳ ಭತ್ತ ಆ ವರ್ಷ ತಡವಾಗಿ ಬಂತು. ಒಂದು ಮಧ್ಯಾಹ್ನ ಅವರು ಬಾಗಿಲಲ್ಲಿ ನಿಂತು, “ಮೇಡಂ, ಬಂದಿರೋ ನೆಲ್ಲು ಹಸಿ ಐತಿ,” ಅಂದರು. ಹಸಿ ಭತ್ತ ಇಳಿಸಿಕೊಳ್ಳಬಾರದು ಎಂಬುದು ಕಂಪನಿಯ ನಿಯಮ. ಸಾವ್ಕಾರ್ರ ಕಾಲದಲ್ಲಿ ಇಳಿಸಿಕೊಂಡು ಅಂಗಳದಲ್ಲಿ ಒಣಗಿಸುವುದು ರೂಢಿ. ಎರಡೂ ನನಗೆ ಗೊತ್ತಿತ್ತು. ವಾಪಸ್ ಕಳಿಸಿ ಅನ್ನಬೇಕಿತ್ತು. “ನಿಮಗ ಗೊತ್ತೈತಲ್ರಿ ಸರ್,” ಅಂದೆ. ಅವರು ರೂಢಿಯಂತೆ ಇಳಿಸಿಕೊಂಡರು. ಒಣಗಿಸಲು ಹಮಾಲರಿಗೆ ಹೇಳಬೇಕಾದವಳು ನಾನು, ಅವರು ಹೇಳಿರುತ್ತಾರೆ ಅಂದುಕೊಂಡೆ. ಚೀಲಗಳು ಗೋದಾಮಿನೊಳಗೆ ಹೋಗಿ, ಬಿಸಿಯಾಗಿ, ಭತ್ತ ಕಪ್ಪಿಟ್ಟಿತು.

ಉಪಾಧ್ಯಕ್ಷೆಯ ಫೋನು ಬಂದಾಗ ಇಬ್ಬರೂ ಸ್ಪೀಕರ್ ಹಾಕಿಕೊಂಡು ಎದುರುಬದುರು ಕೂತು ಕೇಳಿದೆವು. ಯಾರು ಇಳಿಸಿಕೊಂಡಿದ್ದು ಎಂದು ಅವರು ಕೇಳಿದರು.

“ನಾನು ಇಳಿಸ್ಕೊಂಡೆ ಮೇಡಂ,” ಅಂದರು ಸರ್.

“ನಾನು ಬ್ಯಾಡ ಅನ್ನಲಿಲ್ಲ,” ಅಂದೆ ನಾನು.

“ಇನ್ನೊಂದು ಸಲ ಹೀಗಾದರೆ ನಾನೇ ಬರ್ತೀನಿ. ಬಂದರೆ ಇಬ್ಬರಲ್ಲಿ ಒಬ್ಬರೇ ಉಳೀತೀರಿ,” ಎಂದು ಫೋನು ಇಟ್ಟರು.

ಸರ್ ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. “ನೀವು ಹೇಳಬೇಕು,” ಅಂದರು. “ನೀವು ಹೇಳದಿದ್ರ ನಾನು ಹಳೇದ ಮಾಡ್ತೀನಿ. ನನಗ ಬೇರೆ ಗೊತ್ತಿಲ್ಲ.”

ಆಗ ಕೇಳಿಯೇಬಿಟ್ಟೆ. “ಸರ್, ಅವತ್ತು ಬಳ್ಳಾರಿಯಾಗ ಹೇಳಿದ್ರಲ್ಲ, ಕುರ್ಚಿಗೆ ವಯಸ್ಸಿಲ್ಲ ಅಂತ. ಅದು ಖರೇನ, ಇಲ್ಲಾ ಬರೇ ಉತ್ತರಾನ?”

ಅವರು ಕನ್ನಡಕ ತೆಗೆದು ಟವೆಲ್ಲಿನ ಅಂಚಿನಿಂದ ಒರೆಸಿದರು. “ಹೇಳುವಾಗ ಬಾಯಾಗ ಇತ್ತು, ಹೊಟ್ಟ್ಯಾಗ ಇರಲಿಲ್ಲ,” ಅಂದರು. “ಯಾರೋ ಹೊರಗಿನ ಹುಡುಗ ಬರ್ತಾನ, ಕ್ರಾಪ್ ಬಿಟ್ಕೊಂಡು, ಅಂತ ತಿಳಿದಿದ್ದೆ. ನೀವು ಅಂತ ತಿಳಿದಿರಲಿಲ್ಲ. ನಿಮಗೂ ತಿಳಿದಿರಲಿಲ್ಲ, ಅದು ನನಗ ಗೊತ್ತೈತಿ. ಮಂದಿ ಮಾತು ತಲಿಗೆ ಹಚ್ಕೋಬ್ಯಾಡ್ರಿ. ಈಗ ಹೊಟ್ಟ್ಯಾಗ ಇಳಸಾಕ ಹತ್ತೀನಿ. ಜರಾ ಟೈಮ್ ಕೊಡ್ರಿ.”

ನನ್ನ ಕಣ್ಣಲ್ಲಿ ನೀರು ಬಂತು. ಅವರು ಅದನ್ನು ನೋಡದವರ ಹಾಗೆ ಹೊರಗೆ ಹೋದರು.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದಾಗ ಅವರ ಮೊಮ್ಮಗನ ತೊಟ್ಟಿಲು ಕಾರ್ಯ ಬಂತು. ಮೊದಲ ಹೆರಿಗೆಗೆ ಮಗಳು ತವರಿಗೆ ಬಂದಿದ್ದಳು, ಗಂಡು ಮಗು. ಮಿಲ್ಲಿನವರಿಗೆಲ್ಲ ಹೇಳಿದರು. ನನಗೆ ಹೋಗುವುದೋ ಬೇಡವೋ ಎಂಬ ತಳಮಳ. ಹಲಕುಂದಿಯ ಕಡೆಯಿಂದ ಬೀಗರು ಬರುತ್ತಾರೆ, ಮ್ಯಾನೇಜರ್ ಮನೆಯ ಸಂಬಂಧ ಎಂದು ಹೆಣ್ಣು ತಂದವರು, ಅವರ ಮುಂದೆ ನಾನು ಹೋಗಿ ನಿಂತರೆ ಸರ್‌ಗೆ ಇರುಸುಮುರುಸು. ಹೋಗದಿದ್ದರೆ ಬಜಾರಿನ ಮಾತೇ ನಿಜವಾಗುತ್ತದೆ. ಅವ್ವ ಕೂಸಿನ ತಲೆಗೆ ಹಾಕುವ ಒಂದು ಕುಂಚಿಗೆ ಹೊಲಿದುಕೊಟ್ಟಳು. “ಹೋಗಿ ಕೂಸಿಗೆ ಹಾಕಿ ಬಾ,” ಅಂದಳು.

ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಹುಸೇನಣ್ಣನ ಪಕ್ಕ ಕೊನೆಯ ಸಾಲಿನಲ್ಲಿ ಕೂತೆ. ಸರ್ ಬೀಗರಿಗೆ ಶರಬತ್ತು ಕೊಡುತ್ತಿದ್ದರು. ಬೀಗರು ದೊಡ್ಡ ದನಿಯ ಮನುಷ್ಯ.

“ಏನ್ರಿ ಬೀಗರ, ಹೊಸಾ ಕಂಪನಿ ಬಂದ ಮ್ಯಾಲ ನಮ್ಮ ಮ್ಯಾನೇಜರ್ ಸಾಹೇಬ್ರ ದರ್ಶನ ಇಲ್ಲ,” ಅಂದರು. “ಕೆಲಸ ಜಾಸ್ತಿ ಆಗಿರಬೇಕು.”

ನಾನು ತಲೆ ತಗ್ಗಿಸಿದೆ. ಹುಸೇನಣ್ಣ ಕೈಯಲ್ಲಿದ್ದ ಲೋಟವನ್ನೇ ನೋಡುತ್ತಿದ್ದರು.

“ನಾನೀಗ ಮ್ಯಾನೇಜರ್ ಅಲ್ರಿ ಬೀಗರ,” ಅಂದರು ಸರ್. ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. “ಖರೀದಿ ನೋಡ್ಕೊಂತೀನಿ. ಮ್ಯಾನೇಜರ್ರು ಅಲ್ಲಿ ಕುಂತಾರ ನೋಡ್ರಿ, ಗಿರಿಜಾ ಮೇಡಂ. ಅವರ ಕೈಕೆಳಗ ಅದೀನಿ.”

ಬೀಗರು ನನ್ನನ್ನು ನೋಡಿದರು, ಅವರನ್ನು ನೋಡಿದರು. “ಹೌದ್ರಿ?” ಅಂದರು.

“ಹೌದು, ಸಂಕ್ರಾಂತಿಯಿಂದ. ಇಂಟರ್‌ವ್ಯೂಗ ನನ್ನನ್ನ ತಯಾರು ಮಾಡಿದೋರೂ ಅವರೇ. ಇಲ್ಲಂದ್ರ ನನಗ ಈ ಕೆಲಸಾನೂ ಉಳೀತಿದ್ದಿಲ್ಲ.” ಮತ್ತೆ ಶರಬತ್ತಿನ ತಟ್ಟೆ ಮುಂದೆ ಮಾಡಿದರು. “ತೊಗೋರಿ, ತಣ್ಣಗ ಐತಿ.”

ಬೀಗರು ಲೋಟ ತೆಗೆದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಯಾರೋ ಬಿಸಿಲಿನ ಮಾತು ತೆಗೆದರು.

ಸರ್ ಅವರ ಹೆಂಡತಿ ಶಾಂತಮ್ಮನವರು ನನ್ನ ಕೈ ಹಿಡಿದು ಒಳಗೆ ಕರೆದೊಯ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತು, “ಮನ್ಯಾಗ ಇವತ್ತ ಮೊದಲನೇ ಸಲ ಹೇಳಿದ್ದು,” ಅಂದರು. “ನನಗ ಬಜಾರದಾಗ ಗೊತ್ತಾಗಿತ್ತು. ತಾವ ಹೇಳಲಿ ಅಂತ ಸುಮ್ಮನಿದ್ದೆ. ರಾತ್ರಿ ನಿದ್ದಿ ಇರಲಿಲ್ಲ ಅವರಿಗೆ.” ಆಮೇಲೆ ನಗುತ್ತ, “ಬಾ, ಕೂಸಿನ್ನ ನೋಡಬಾ,” ಅಂದರು.

ಮಗುವಿಗೆ ಕುಂಚಿಗೆ ದೊಡ್ಡದಾಯಿತು, ಕಣ್ಣು ಮುಚ್ಚುವಷ್ಟು. ಎಲ್ಲರೂ ನಕ್ಕರು. ಸಂಜೆಯ ಬಸ್ಸಿನಲ್ಲಿ ಕುರುಗೋಡಿಗೆ ಬರುವಾಗ ಗುಡ್ಡದ ಕಲ್ಲುಗಳ ಮೇಲೆ ಬಿಸಿಲು ಕೆಂಪಾಗಿತ್ತು. ಎಷ್ಟೋ ದಿನಗಳ ಮೇಲೆ ಬಸ್ಸಿನಲ್ಲಿ ನನಗೆ ನಿದ್ದೆ ಬಂತು.

ಮರುದಿನ ಬೆಳಿಗ್ಗೆ ಅಕ್ಕಿ ಒಯ್ಯಲು ಲಾರಿಗಳು ಬಂದು ನಿಂತಿದ್ದವು. ಸರ್ ಎಂದಿನಂತೆ ಬಾಗಿಲಲ್ಲಿ ಬಂದು ನಿಂತರು.

“ಎರಡನೇ ಗೋದಾಮು ಮೊದಲು ಖಾಲಿ ಮಾಡಸ್ರಿ ಸರ್,” ಅಂದೆ.

“ಮೂರನೇದು ಅಂತ ಮಾಡಿದ್ದೆ ಮೇಡಂ. ಅದು ಗೇಟಿಗೆ ಹತ್ರ ಐತಿ.”

ಒಂದು ಕ್ಷಣ ನಾಲಿಗೆ ಮತ್ತೆ ಹಿಂದೆ ಸರಿಯಿತು. “ಎರಡನೇದ ಇರಲಿ,” ಅಂದೆ. “ಅದರಾಗ ಹಳೇ ಮಾಲು ಐತಿ.”

“ಆತ್ರಿ,” ಅಂದರು. ಟವೆಲ್ ಹೆಗಲಿಗೆ ಏರಿಸಿಕೊಂಡು ಬಿಸಿಲಿಗೆ ಇಳಿದರು. ನಾನು ಕುರ್ಚಿಗೆ ಬೆನ್ನು ಕೊಟ್ಟು ಕೂತೆ. ಸ್ವಲ್ಪ ಹೊತ್ತಿಗೆ ಎರಡನೇ ಗೋದಾಮಿನ ಕಬ್ಬಿಣದ ಬಾಗಿಲು ಸರಿದ ಸದ್ದು, ಅದರ ಹಿಂದೆ ಹಮಾಲರನ್ನು ಕೂಗಿ ಕರೆಯುವ ಅವರ ದನಿ ಕೇಳಿಸಿತು.